ಸೇಂಟ್ ಲೂಯಿಸಿನ ಬೇಲಿ

೨೦೦೧ನೆಯ ಇಸವಿ ಡಿಸೆಂಬರ್ ೧ನೆಯ ತಾರೀಖು ಅಮೆರಿಕಾ ದೇಶದ ಕನ್ಸಾಸ್ ಸಿಟಿಯಿಂದ ಹೊರಟ ವಿಮಾನವೊಂದು ಸೇಂಟ್ ಲೂಯಿಸ್ ನಗರದಲ್ಲಿ ಬಂದಿಳಿಯಿತು. ದಾರಿ ಸುಮಾರು ಒಂದು ಗಂಟೆಯದು. ವಿಮಾನವೂ ದಿನನಿತ್ಯ ಹಾರುವಂಥದೇ. ಆದರೂ ಅಂದು ಅದನ್ನು ನಡೆಸಿದವರು ಸಂಸ್ಥೆಯ ಮುಖ್ಯಾಧಿಕಾರಿಗಳಾದ ವಿಲಿಯಂ ಕಾಂಪ್ಟನ್ ಅವರೇ. ಅವರು ಮೊದಲಿನಿಂದಲೂ ವೈಮಾನಿಕರಾಗಿದ್ದವರು. ಟ್ರಾನ್ಸ್ ವರ್ಲ್ಡ್ ಏರ್‌ಲೈನ್ಸ್ ಎಂಬ ಹೆಸರಿನಲ್ಲಿ ನಡೆದ ಕಟ್ಟಕಡೆಯ ಪ್ರಯಾಣವದು. ಮರುದಿನದಿಂದ ಆ ವಿಮಾನಗಳೆಲ್ಲವೂ ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆಯವು.

ಟಿ. ಡಬ್ಲ್ಯು. ಎ. ಎಂಬ ಮೂರಕ್ಷರ ನಮ್ಮವರಿಗೂ ಅಪರಿಚಿತವಲ್ಲ. ಅದರ ವಿಮಾನಗಳು ಒಂದು ಕಾಲದಲ್ಲಿ ಮುಂಬಯಿಗೂ ಬರುತ್ತಿದ್ದವು. ಅಲ್ಲಿಂದ ಪಶ್ಚಿಮಕ್ಕೆ ಓದಲು ಹೋದ ಹಿರಿಯರ ಪೆಟ್ಟಿಗೆಗಳ ಮೇಲೆ ಆ ಅಕ್ಷರಗಳ ಕೆಂಪು ಚೀಟಿಯನ್ನು ಕಂಡವರು ನಮ್ಮ ವಾಚಕರಲ್ಲಿ ಕೆಲವರಾದರೂ ಇರಬಹುದು. ಅಂಥ ಹೆಸರು ಅಳಿದಾಗ ಲೋಕವು ಮರುಗುವುದು ಸಹಜವೇ. ಆದರೆ ಎರಡು ವಿಮಾನ ಸಂಸ್ಥೆಗಳು ಒಂದಾದಾಗ ಹೆಸರಿನ ಜೊತೆಗೆ ಮತ್ತೊಂದು ವಸ್ತುವೂ ಕಳೆದುಹೋಗುತ್ತದೆ. ಅದು ಪ್ರಯಾಣಿಕನ ಕಣ್ಣಿಗೆ ಬೀಳುವುದಿಲ್ಲ. ಯಾವ ಪತ್ರಿಕೆಯ ಚಿತ್ರದಲ್ಲಿಯೂ ಬರುವುದಿಲ್ಲ. ಒಂದು ಪಟ್ಟಿಯಲ್ಲಿ ಒಬ್ಬ ಮನುಷ್ಯನ ಹೆಸರಿನ ಎದುರಿಗಿರುವ ಕ್ರಮಸಂಖ್ಯೆ ಅದು. ಈ ಲೇಖನದ ವಿಷಯವು ಹೆಚ್ಚಾಗಿ ಆ ಸಂಖ್ಯೆಯೇ.

ಈ ಸಂಸ್ಥೆ ಹುಟ್ಟಿದ್ದೂ ಇಂಥದೇ ಒಂದು ಕೂಡಾವಳಿಯಿಂದ ಎಂಬುದು ವಿಚಿತ್ರ. ೧೯೩೦ರಲ್ಲಿ ಅಮೆರಿಕದ ಅಂಚೆಯ ಮಂತ್ರಿಯಾಗಿದ್ದ ವಾಲ್ಟರ್ ಫೋಲ್ಜರ್ ಬ್ರೌನ್ ಎಂಬವರಿಗೆ ಸಣ್ಣಪುಟ್ಟ ವಿಮಾನ ಕಂಪೆನಿಗಳ ಮೇಲೆ ನಂಬಿಕೆಯಿರಲಿಲ್ಲ. ಅಂಚೆ ಸಾಗಿಸುವ ಗುತ್ತಿಗೆ ಬೇಕಾದರೆ ಒಂದಾಗಿ ಬನ್ನಿರೆಂದು ಅವರು ಪಟ್ಟುಹಿಡಿದರು. ಟ್ರಾನ್ಸ್‌ಕಾಂಟಿನೆಂಟಲ್ ಏರ್ ಟ್ರಾನ್ಸ್‌ಪೋರ್ಟ್ ಮತ್ತು ವೆಸ್ಟರ್ನ್ ಏರ್ ಎಕ್ಸ್‌ಪ್ರೆಸ್ ಎಂಬೆರಡು ಕಂಪೆನಿಗಳು, ಎರಡನೆಯದಂತೂ ಒಲ್ಲದ ಮನಸ್ಸಿನಿಂದ, ಕೈಕೂಡಿಸಿದವು. ಹೊಸ ಕಂಪೆನಿಯ ಹೆಸರು ಟ್ರಾನ್ಸ್‌ಕಾಂಟಿನೆಂಟಲ್ ಅಂಡ್ ವೆಸ್ಟರ್ನ್ ಏರ್: ಎರಡು ಮನೆತನಗಳ ಹೆಸರನ್ನೂ ಹೊಲಿದು ಸೇರಿಸಿದಂತೆ. ೧೯೫೦ರಲ್ಲಿ ಹೆಸರನ್ನು ಬದಲಾಯಿಸಿದಾಗಲೂ ಮೂರಕ್ಷರಗಳನ್ನು ಮಾತ್ರ ಬಿಡಲಿಲ್ಲ.

ಹೋವರ್ಡ್ ಹ್ಯೂಸ್ ಅದರ ಒಡೆಯರಾದುದು, ಕಾನ್‌ಸ್ಟೆಲೇಷನ್ ವಿಮಾನಗಳ ವೈಭವ, ೧೯೬೨ರಲ್ಲಿ ನ್ಯೂಯಾರ್ಕಿನಲ್ಲಿ ಈರೋ ಸಾರಿನೆನ್ ಎಂಬ ಶಿಲ್ಪಿ ರೆಕ್ಕೆ ಬಿಚ್ಚಿದ ಹಕ್ಕಿಯಂತೆ ಕಟ್ಟಿದ ನಿಲ್ದಾಣ, ಇವೆಲ್ಲ ಬೇರೆ ಕಥೆ. ೧೯೭೮ರಲ್ಲಿ ಸರಕಾರವು ವಿಮಾನ ಮಾರ್ಗಗಳ ಮೇಲಿನ ಹತೋಟಿಯನ್ನು ಸಡಿಲಿಸಿತು. ಅನಂತರ ಸಂಸ್ಥೆ ಹಣವಂತರ ಕೈಯಿಂದ ಕೈಗೆ ಹೋಯಿತು. ೧೯೯೨, ೧೯೯೫, ೨೦೦೧ ಹೀಗೆ ಮೂರು ಸಲ ದಿವಾಳಿಯ ನ್ಯಾಯಾಲಯದ ಮೆಟ್ಟಲು ಹತ್ತಿತು. ನಡುವೆ, ೧೯೮೬ರಲ್ಲಿ, ಸೇಂಟ್ ಲೂಯಿಸಿನಲ್ಲಿಯೇ ಬೀಡುಬಿಟ್ಟಿದ್ದ ಓಜಾರ್ಕ್ ಎಂಬ ಚಿಕ್ಕ ಸಂಸ್ಥೆಯನ್ನು ಇದು ನುಂಗಿತು. ಓಜಾರ್ಕ್ ವಿಮಾನಗಳ ಬಾಲದ ಮೇಲಿದ್ದ ಹಕ್ಕಿಗಳನ್ನು ಅಳಿಸಿ ಕೆಂಪು ಅಕ್ಷರ ಬರೆದರು. ಹದಿನೈದು ವರ್ಷಗಳ ತರುವಾಯ ತಮ್ಮ ಅಕ್ಷರವನ್ನೂ ಬೇರೊಬ್ಬರು ಅಳಿಸುವರೆಂದು ಅಂದು ಯಾರೂ ಎಣಿಸಿರಲಾರರು.

ವೈಮಾನಿಕರ ವೃತ್ತಿಯ ಒಂದು ಕಟ್ಟಳೆಯನ್ನು ಇಲ್ಲಿ ವಿವರಿಸಬೇಕು. ಇದು ತಿಳಿಯದಿದ್ದರೆ ಮುಂದಿನದು ತಿಳಿಯದು. ನಮ್ಮ ಸರಕಾರಿ ಕಚೇರಿಗಳಲ್ಲಿಯೂ ಸೇವಾಜ್ಯೇಷ್ಠತೆಯೆಂಬುದು ಉಂಟಷ್ಟೆ. ಆದರೆ ಗುಮಾಸ್ತನಿಗೆ ಅದು ಬಡ್ತಿಯ ಮಾತು. ಅಮೆರಿಕದ ವೈಮಾನಿಕನಿಗೆ ಅದೇ ಸರ್ವಸ್ವ. ಯಾವ ವಿಮಾನವನ್ನು ನಡೆಸಬೇಕು, ಎಡಗಡೆಯ ಪೀಠದಲ್ಲಿ ಕಪ್ತಾನನಾಗಿ ಕೂರಬೇಕೋ ಬಲಗಡೆಯಲ್ಲಿ ಸಹವೈಮಾನಿಕನಾಗಿ ಕೂರಬೇಕೋ, ಹಬ್ಬದ ದಿನ ಮನೆಯಲ್ಲಿರಬಹುದೋ ಇಲ್ಲವೋ, ಎಲ್ಲವನ್ನೂ ಆ ಸಂಖ್ಯೆಯೇ ಗೊತ್ತುಮಾಡುತ್ತದೆ. ಇವೆಲ್ಲಕ್ಕಿಂತ ಹೆಚ್ಚಾಗಿ, ಅವನ ಮೂಲಠಾಣೆ ಯಾವ ಊರೆಂಬುದನ್ನು ಗೊತ್ತುಮಾಡುತ್ತದೆ. ಮೂಲಠಾಣೆಯೆಂದರೆ ಅವನ ಕೆಲಸ ಆರಂಭವಾಗಿ ಮುಗಿಯುವ ಸ್ಥಳ. ಅದು ಅವನು ಮನೆ ಕಟ್ಟಿಸಿಕೊಂಡ ಊರೇ ಆಗಿದ್ದರೆ ಸಂಸಾರ ಸುಖವಾಗಿ ನಡೆದೀತು. ಬೇರೆಯಾದರೆ, ಕೆಲಸಕ್ಕೆ ಹೊರಡುವ ಮುನ್ನವೇ ಖಾಲಿಯಿದ್ದ ಪೀಠದಲ್ಲಿ ಕುಳಿತು ಸಾವಿರಾರು ಮೈಲಿ ಹೋಗಿ, ನಾಲ್ಕೈದು ಮಂದಿ ಸೇರಿ ಬಾಡಿಗೆಗೆ ಹಿಡಿದ ಕೋಣೆಯಲ್ಲಿ ಮಲಗಿ, ಬೆಳಗ್ಗೆ ಎದ್ದು ಕೆಲಸಕ್ಕೆ ಹಾಜರಾಗಬೇಕು. ಹೋಗಿ ಬರುವ ಆ ದಿನಗಳಿಗೆ ಸಂಬಳವಿಲ್ಲ. ಒಂದು ಸಂಸ್ಥೆಯಲ್ಲಿ ಗಳಿಸಿದ ಸಂಖ್ಯೆ ಮತ್ತೊಂದರಲ್ಲಿ ನಡೆಯದು. ಇಪ್ಪತ್ತು ವರ್ಷ ಹಾರಿದವನೂ ಹೊಸ ಸಂಸ್ಥೆಗೆ ಹೋದರೆ ಪಂಕ್ತಿಯ ಕೊನೆಯ ಎಲೆಯೇ ಗತಿ.

ಎರಡು ಸಂಸ್ಥೆಗಳು ಕೂಡಿದಾಗ ಎರಡು ಪಂಕ್ತಿಗಳನ್ನು ಒಂದು ಮಾಡುವುದು ಹೇಗೆ? ವಿಮಾನಕ್ಕೆ ಬಣ್ಣ ಬಳಿಯಲು ಕೆಲವು ದಿನ ಸಾಕು. ಈ ಪ್ರಶ್ನೆಗೆ ವರ್ಷಗಳು ಸಾಲವು. ನಮ್ಮ ದೇಶದಲ್ಲಿಯೇ ೨೦೦೭ರಲ್ಲಿ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ಒಂದಾದಾಗ, ಹಾರುವ ಹಂಸದ ಮೈಯೊಳಗೆ ಕೋಣಾರ್ಕದ ಚಕ್ರವನ್ನಿರಿಸಿ ಚೆಲುವಾದ ಲಾಂಛನವನ್ನು ರಚಿಸಿದರು. ಲಾಂಛನ ಕೂಡಿತು, ವೈಮಾನಿಕರು ಕೂಡಲಿಲ್ಲ. ಸಂಬಳ ಸಮನಾಗಬೇಕೆಂದು ಒಂದು ಪಕ್ಷದವರು ೨೦೧೧ರಲ್ಲಿ ಮುಷ್ಕರ ಹೂಡಿದರೆ, ಹೊಸದಾಗಿ ಬರಲಿದ್ದ ಡ್ರೀಮ್‌ಲೈನರ್ ವಿಮಾನಗಳ ಶಿಕ್ಷಣವನ್ನು ಆ ಪಕ್ಷದವರಿಗೂ ಕೊಡಬಾರದೆಂದು ಇನ್ನೊಂದು ಪಕ್ಷದವರು ೨೦೧೨ರಲ್ಲಿ ೫೮ ದಿನ ಕೆಲಸ ನಿಲ್ಲಿಸಿದರು. ಆದಕಾರಣ ಅಮೆರಿಕದವರನ್ನು ನೋಡಿ ನಾವು ನಗುವಂತಿಲ್ಲ.

ಇನ್ನು ೨೦೦೧ಕ್ಕೆ ಬರೋಣ. ಚಿಕಾಗೋ ಮತ್ತು ಡಲ್ಲಾಸ್ ನಿಲ್ದಾಣಗಳಲ್ಲಿ ಕಾಲಿಡಲು ಸ್ಥಳವಿಲ್ಲದಾಗಿತ್ತು. ನಡುನಾಡಿನ ಸೇಂಟ್ ಲೂಯಿಸ್ ತಮಗೆ ಮತ್ತೊಂದು ಕೇಂದ್ರವಾದೀತೆಂಬ ಲೆಕ್ಕದಿಂದ ಅಮೆರಿಕನ್ ಸಂಸ್ಥೆಯವರು, ದಿವಾಳಿಯ ಅಂಚಿನಲ್ಲಿದ್ದ ಟಿ. ಡಬ್ಲ್ಯು. ಎ. ಆಸ್ತಿಯನ್ನು ಕೊಂಡರು. ಸುಮಾರು ಇಪ್ಪತ್ತು ಸಾವಿರ ಜನರ ಅನ್ನ ಉಳಿಯಿತೆಂದು ಎಲ್ಲರೂ ಸಂತೋಷಪಟ್ಟರು. ಹಾಗೆ ಸಂತೋಷಪಟ್ಟುದು ತಪ್ಪಲ್ಲ. ಬೇರೆ ಯಾರೂ ಹಾಗೆ ಇಡಿಯಾಗಿ ಕೈಹಿಡಿಯಲು ಮುಂದೆ ಬಂದಿರಲಿಲ್ಲ. ಆದರೆ ಕೊಳ್ಳುವವರದೊಂದು ಷರತ್ತಿತ್ತು. ವಿಮಾನ ಸಂಸ್ಥೆಗಳು ಕೂಡುವಾಗ ಜ್ಯೇಷ್ಠತೆಯ ಪಟ್ಟಿಗಳನ್ನು ನ್ಯಾಯವಾಗಿ ಹೆಣೆಯಬೇಕು, ಒಮ್ಮತವಾಗದಿದ್ದರೆ ಮಧ್ಯಸ್ಥರ ಮುಂದಿಡಬೇಕು ಎಂದು ೧೯೭೨ರಲ್ಲಿ ಅಲೆಘೆನಿ ಮತ್ತು ಮೊಹಾಕ್ ಸಂಸ್ಥೆಗಳು ಕೂಡಿದಾಗ ಸರಕಾರವು ವಿಧಿಸಿದ್ದ ನಿಯಮಗಳು, ಸರಕಾರದ ಹತೋಟಿ ಹೋದ ಮೇಲೂ, ಟಿ. ಡಬ್ಲ್ಯು. ಎ. ವೈಮಾನಿಕರ ಒಪ್ಪಂದದಲ್ಲಿ ಉಳಿದಿದ್ದವು. ಆ ರಕ್ಷಣೆಯನ್ನು ಬಿಟ್ಟುಕೊಡಬೇಕೆಂಬುದೇ ಷರತ್ತು. ಬಿಡದಿದ್ದರೆ ದಿವಾಳಿಯ ನ್ಯಾಯಾಲಯವೇ ಒಪ್ಪಂದವನ್ನು ರದ್ದುಮಾಡೀತು ಎಂದರು. ಮುಳುಗುವವನು ಕೈಚಾಚಿದವನೊಡನೆ ಚೌಕಾಸಿ ಮಾಡುವುದುಂಟೆ? ಅವರು ಬಿಟ್ಟುಕೊಟ್ಟರು.

ಬಳಿಕ ಪಟ್ಟಿಯನ್ನು ಹೆಣೆದವರು ಅಮೆರಿಕನ್ ಸಂಸ್ಥೆ ಮತ್ತು ಅದರ ವೈಮಾನಿಕರ ಸಂಘದವರು. ಟಿ. ಡಬ್ಲ್ಯು. ಎ. ವೈಮಾನಿಕರು ಸುಮಾರು ೨೩೦೦ ಮಂದಿ. ಅವರಲ್ಲಿ ಬಹಳ ಹಿರಿಯರನ್ನು ಅಲ್ಲೊಬ್ಬ ಇಲ್ಲೊಬ್ಬನಂತೆ ನಡುವೆ ಪೋಣಿಸಿದರು. ಅರ್ಧಕ್ಕೂ ಮಿಕ್ಕವರನ್ನು ಕಟ್ಟಕಡೆಗೆ, ಆ ವರ್ಷದ ಆರಂಭದಲ್ಲಿ ಅಮೆರಿಕನ್ ಸಂಸ್ಥೆಗೆ ಸೇರಿದ ಹೊಸಬರಿಗಿಂತಲೂ ಕೆಳಗೆ, ಇರಿಸಿದರು. ಹತ್ತಾರು ವರ್ಷ ಕಪ್ತಾನನಾಗಿದ್ದವನು ನಿನ್ನೆ ಮೊನ್ನೆ ಬಂದ ಹುಡುಗನ ಹಿಂದೆ ನಿಂತನು. ವಿಮಾನದೊಳಗಿನ ಪರಿಚಾರಕ ವರ್ಗದವರ ಪಾಡು ಇನ್ನೂ ಸುಲಭವಾಗಿ ಮುಗಿಯಿತು: ಅವರಷ್ಟೂ ಮಂದಿ ಪಟ್ಟಿಯ ಬುಡಕ್ಕೆ. ಅಮೆರಿಕನ್ ಸಂಘದವರ ವಾದವನ್ನೂ ಹೇಳದಿದ್ದರೆ ಅನ್ಯಾಯವಾದೀತು. ನಾವು ಕೊಳ್ಳದಿದ್ದರೆ ನಿಮಗೆ ಯಾವ ಸಂಖ್ಯೆಯೂ ಇರುತ್ತಿರಲಿಲ್ಲ. ನಮ್ಮವರು ಕಾದು ಗಳಿಸಿದ ಸ್ಥಾನವನ್ನು ದಿವಾಳಿಯಾದವರಿಗೆ ಏಕೆ ಬಿಡಬೇಕು ಎಂಬುದು ಅವರ ಮಾತು. ಇದನ್ನು ತಳ್ಳಿಹಾಕುವುದು ಸುಲಭವಲ್ಲ. ಆದರೂ ಪಂಕ್ತಿಯಲ್ಲಿ ಮೊದಲೇ ಕುಳಿತವರ ಕೈಗೇ ಬಡಿಸುವ ಸೌಟನ್ನೂ ಕೊಟ್ಟರೆ ಹಿಂದಿನವರಿಗೆ ಏನು ಉಳಿದೀತೆಂದು ಕೇಳಬೇಕಾಗುತ್ತದೆ.

ಕೆಳಗಿಳಿದ ವೈಮಾನಿಕರಿಗೆ ಒಂದು ಸಮಾಧಾನವನ್ನು ಕಲ್ಪಿಸಿದ್ದರು. ಅದನ್ನೇ ಬೇಲಿ ಎಂದು ಕರೆದರು. ಸೇಂಟ್ ಲೂಯಿಸ್ ಮೂಲಠಾಣೆಯಲ್ಲಿ ಇಷ್ಟು ಕಪ್ತಾನರ ಪೀಠಗಳು ಟಿ. ಡಬ್ಲ್ಯು. ಎ. ಯಿಂದ ಬಂದವರಿಗೇ ಮೀಸಲು; ಹೊರಗಿನವರು ಹಿರಿಯರಾದರೂ ಅವನ್ನು ಬೇಡುವಂತಿಲ್ಲ. ಅಂದರೆ ಇಡೀ ದೇಶದಲ್ಲಿ ಕಿರಿಯನಾದವನು ತನ್ನ ಊರಿನಲ್ಲಿ ಮಾತ್ರ ಹಿರಿಯ. ಮನೆ, ಮಕ್ಕಳ ಶಾಲೆ, ಮುದಿ ತಂದೆತಾಯಿಗಳು, ಎಲ್ಲವೂ ಸೇಂಟ್ ಲೂಯಿಸಿನಲ್ಲಿಯೇ ಇದ್ದವನಿಗೆ ಇದು ಸಣ್ಣ ಭಾಗ್ಯವಲ್ಲ. ಪಟ್ಟಿಯಲ್ಲಿ ಕಳೆದುದನ್ನು ಊರು ಕಾಪಾಡೀತೆಂದು ನಂಬಿದವರು ಬಹು ಮಂದಿ.

ಬೇಲಿಯೇ ಎದ್ದು ಹೊಲ ಮೇಯ್ದ ಗಾದೆ ನಮ್ಮಲ್ಲುಂಟು. ಇಲ್ಲಿ ಹಾಗಾಗಲಿಲ್ಲ, ಬೇಲಿ ನೆಟ್ಟಲ್ಲೇ ನಿಂತಿತ್ತು, ಹೊಲವೇ ಹೋಯಿತು. ಪಟ್ಟಿ ಸಿದ್ಧವಾಗುವ ಮೊದಲೇ ಸೆಪ್ಟೆಂಬರ್ ೧೧ರ ದುರಂತ ನಡೆದಿತ್ತು. ಜನ ವಿಮಾನವೇರಲು ಅಂಜಿದರು. ನಷ್ಟದ ಮೇಲೆ ನಷ್ಟ ಬಂದಿತು. ಕೆಲಸವಿದ್ದಾಗ ಕರೆಯುವೆವೆಂದು ಹೇಳಿ ಸಂಬಳವಿಲ್ಲದೆ ಮನೆಗೆ ಕಳುಹಿಸುವ ಪದ್ಧತಿ ಅಲ್ಲಿ ಉಂಟು. ಕಳುಹಿಸುವುದು ಪಟ್ಟಿಯ ಬುಡದಿಂದ ಮೇಲಕ್ಕೆ. ಬುಡದಲ್ಲಿದ್ದವರು ಯಾರೆಂದು ಹೇಳಬೇಕಾಗಿಲ್ಲ. ಬೇಲಿ ಕಾಯುತ್ತಿದ್ದುದು ಪೀಠವನ್ನೇ ಹೊರತು ಕೆಲಸವನ್ನಲ್ಲ. ೨೦೦೩ರ ಜುಲೈ ಹೊತ್ತಿಗೆ, ನಾಲ್ಕು ಸಾವಿರಕ್ಕೂ ಮಿಕ್ಕಿದ್ದ ಟಿ. ಡಬ್ಲ್ಯು. ಎ. ಪರಿಚಾರಕ ವರ್ಗದವರಲ್ಲಿ ಕೆಲಸದಲ್ಲಿ ಉಳಿದವರೇ ಇಲ್ಲವೆಂಬಂತಾಯಿತು. ಮತ್ತೆ ಕರೆಸಿಕೊಳ್ಳುವ ಹಕ್ಕಿಗೂ ಐದು ವರ್ಷದ ಗಡುವಿತ್ತು. ಅದೇ ವರ್ಷದ ನವೆಂಬರಿನಲ್ಲಿ ಸೇಂಟ್ ಲೂಯಿಸಿನಿಂದ ದಿನಕ್ಕೆ ಹೊರಡುತ್ತಿದ್ದ ೪೧೭ ವಿಮಾನಗಳನ್ನು ೨೦೭ಕ್ಕೆ ಇಳಿಸಿದರು. ಹಾರುವ ವಿಮಾನವಿಲ್ಲದ ಮೇಲೆ ಪೀಠವೆಲ್ಲಿ? ಉಳಿದವರು ಬೇರೆ ಮೂಲಠಾಣೆಗಳನ್ನು ಹುಡುಕಿಕೊಂಡು ಹೋದರು, ಅಲ್ಲಿ ಬೇಲಿಯಿಲ್ಲದ ಬಯಲಿನಲ್ಲಿ ಕಿರಿಯರಾಗಿ.

ನಗರಕ್ಕೂ ಪೆಟ್ಟು ಬಿದ್ದಿತು. ವಿಮಾನಗಳ ದಟ್ಟಣೆ ಹೆಚ್ಚುವುದೆಂದು ನಂಬಿ, ನೆರೆಯ ಬ್ರಿಡ್ಜ್‌ಟನ್ ಊರಿನ ಸುಮಾರು ಎರಡು ಸಾವಿರ ಮನೆಗಳನ್ನು ತೆಗೆಸಿ, ನೂರು ಕೋಟಿ ಡಾಲರಿಗೂ ಮಿಕ್ಕ ವೆಚ್ಚದಲ್ಲಿ ಹೊಸ ಓಡುದಾರಿಯೊಂದನ್ನು ಕಟ್ಟುತ್ತಿದ್ದರು. ಅದು ಮುಗಿದು ತೆರೆದುದು ೨೦೦೬ರಲ್ಲಿ. ೨೦೦೯ರಲ್ಲಿ ಅಮೆರಿಕನ್ ಸಂಸ್ಥೆಯು ಅಲ್ಲಿಂದ ಹೊರಡುವ ವಿಮಾನಗಳನ್ನು ದಿನಕ್ಕೆ ೩೬ಕ್ಕೆ ಇಳಿಸುವೆವೆಂದು ಸಾರಿತು.

ಈ ಅಳಲು ವ್ಯರ್ಥವಾಗಲಿಲ್ಲವೆನ್ನಬೇಕು. ಸೇಂಟ್ ಲೂಯಿಸ್ ಇರುವ ಮಿಸ್ಸೂರಿ ಸಂಸ್ಥಾನದ ಸೆನೆಟರುಗಳಾಗಿದ್ದ ಕ್ಲೇರ್ ಮೆಕ್ಯಾಸ್ಕಿಲ್, ಕಿಟ್ ಬಾಂಡ್ ಇಬ್ಬರೂ ಬೇರೆ ಬೇರೆ ಪಕ್ಷದವರು. ಅವರ ಹೆಸರಿನಿಂದಲೇ ಪ್ರಸಿದ್ಧವಾದ ಶಾಸನವು ೨೦೦೭ರ ಡಿಸೆಂಬರಿನಲ್ಲಿ ಜಾರಿಗೆ ಬಂದು, ೧೯೭೨ರ ಆ ಹಳೆಯ ನಿಯಮಗಳ ಸಾರವನ್ನು ಕಾನೂನಾಗಿ ಮಾಡಿತು. ಇನ್ನು ಮೇಲೆ ಪಟ್ಟಿಗಳನ್ನು ನ್ಯಾಯವಾಗಿ ಹೆಣೆಯಲೇಬೇಕು. ಹೊಂದದಿದ್ದರೆ ಮಧ್ಯಸ್ಥರ ತೀರ್ಪು. ೨೦೧೩ರಲ್ಲಿ ಅಮೆರಿಕನ್ ಸಂಸ್ಥೆಯೇ ಯು. ಎಸ್. ಏರ್‌ವೇಸ್ ಜೊತೆ ಕೂಡಿದಾಗ ಅದರ ವೈಮಾನಿಕರ ಪಟ್ಟಿಯೂ ಮಧ್ಯಸ್ಥರ ಮುಂದೆ ಹೋಗಬೇಕಾಯಿತು. ಟಿ. ಡಬ್ಲ್ಯು. ಎ. ವೈಮಾನಿಕರಿಗಾದರೋ ಆ ಶಾಸನ ತಡವಾಗಿ ಬಂದಿತು. ತಮ್ಮನ್ನು ಕಾಯಬೇಕಾಗಿದ್ದ ತಮ್ಮದೇ ಹಳೆಯ ಸಂಘವು, ಅಮೆರಿಕನ್ ವೈಮಾನಿಕರನ್ನು ಸದಸ್ಯರನ್ನಾಗಿ ಸೆಳೆಯುವ ಆಸೆಯಿಂದ ಕೈಬಿಟ್ಟಿತೆಂದು ಅವರು ಹೂಡಿದ್ದ ವ್ಯಾಜ್ಯದಲ್ಲಿ ೨೦೧೧ರಲ್ಲಿ ನ್ಯೂಜೆರ್ಸಿಯ ಪಂಚರು ಅವರ ಪರವಾಗಿ ತೀರ್ಪು ಕೊಟ್ಟರು. ೨೦೧೪ರಲ್ಲಿ ಐದು ಕೋಟಿ ಮೂವತ್ತು ಲಕ್ಷ ಡಾಲರಿಗೆ ರಾಜಿಯಾಯಿತು. ಹಣ ಬಂದಿತು, ಪಟ್ಟಿ ಬದಲಾಗಲಿಲ್ಲ.

ಹೆಸರು ಮಾತ್ರ ಮತ್ತೆ ಕಾಣಿಸಿಕೊಂಡಿದೆ. ೨೦೧೫ರಲ್ಲಿ ಅಮೆರಿಕನ್ ಸಂಸ್ಥೆಯವರು ಹಳೆಯ ನೆನಪಿಗೆಂದು ತಮ್ಮದೊಂದು ಬೋಯಿಂಗ್ ವಿಮಾನಕ್ಕೆ ಟಿ. ಡಬ್ಲ್ಯು. ಎ. ಬಣ್ಣವನ್ನು ಬಳಿಸಿದರು. ಸಾರಿನೆನ್ ಕಟ್ಟಿದ ನ್ಯೂಯಾರ್ಕಿನ ನಿಲ್ದಾಣವು ೨೦೧೯ರಲ್ಲಿ ಅದೇ ಹೆಸರಿನ ಹೋಟೆಲಾಗಿ ತೆರೆಯಿತು. ಹೊರಗಡೆ ಹಳೆಯ ಕಾನ್‌ಸ್ಟೆಲೇಷನ್ ವಿಮಾನವೊಂದನ್ನು ತಂದು ನಿಲ್ಲಿಸಿ, ಅದರೊಳಗೆ ಪಾನಗೃಹವನ್ನು ಮಾಡಿದ್ದಾರೆ.