50, 60 ಮತ್ತು ನಮ್ಮಜ್ಜಿಯ ಮೊರ

ನಮ್ಮ ಮನೇಲಿ ಅಜ್ಜಿಯ ವಿಡಿಯೋ ಅಂತ ಇರೋದು ಒಂದೇ. 1995ರಲ್ಲಿ ಅಮೆರಿಕದಿಂದ ಬಂದಿದ್ದ ದೊಡ್ಡಪ್ಪನ ಮಗ, ಅಂದ್ರೆ ನಮ್ಮಣ್ಣ, ಕ್ಯಾಮೆರಾ ಹಿಡ್ಕೊಂಡು ಊರೆಲ್ಲ ಸುತ್ತಿದ್ದ. ಜಗಲಿ ಮೇಲೆ ಕೂತು ಮೊರದಲ್ಲಿ ಅಕ್ಕಿ ಕೇರ್ತಾ ಇದ್ದ ಅಜ್ಜಿ "ಅದೇನ್ಲಾ ಅದು, ಕಣ್ಣಿಗೆ ಇಟ್ಕಂಡಿದೀಯ?" ಅಂತ ಅವನನ್ನು ಬಯ್ಯೋದು ಅದರಲ್ಲಿದೆ. ಒಟ್ಟು ಇಪ್ಪತ್ತು ನಿಮಿಷ.

ಹೋದ ವರ್ಷ ಅದನ್ನು ಸ್ವಲ್ಪ ಚೊಕ್ಕಟ ಮಾಡೋಣ ಅಂತ ಲ್ಯಾಪ್‌ಟಾಪಿಗೆ ಹಾಕಿ ಒಂದೊಂದೇ ಫ್ರೇಮ್ ನೋಡಿದೆ. ಐದು ಫ್ರೇಮ್ ತನಕ ಅಕ್ಕಿ ಒಂದೇ ಸಮನೆ ಮೇಲೇರುತ್ತೆ. ಆಮೇಲೆ ಒಮ್ಮೆಲೇ ಎರಡು ಪಟ್ಟು ದೂರ ನೆಗೆಯುತ್ತೆ. ಮತ್ತೆ ಐದು ಸರಿ, ಮತ್ತೆ ಒಂದು ನೆಗೆತ. ಯಾಕೆ ಹೀಗೆ ಅಂತ ಹುಡುಕ್ತಾ ಹೋದವನು ಕರೆಂಟಿನ ಚರಿತ್ರೆಗೆ ಬಂದು ನಿಂತೆ.

ನಮ್ಮ ಮನೆಗೆ ಬರೋ ಕರೆಂಟು ಸೆಕೆಂಡಿಗೆ 50 ಸಲ ತೂಗುತ್ತೆ, ಅಮೆರಿಕದ್ದು 60 ಸಲ. ಟಿವಿ ಹುಟ್ಟಿದ ಕಾಲದಲ್ಲಿ ಚಿತ್ರದ ವೇಗ ಕರೆಂಟಿನ ವೇಗಕ್ಕೆ ಹೊಂದದಿದ್ದರೆ ಪರದೆ ಮೇಲೆ ಪಟ್ಟೆಗಳು ತೆವಳ್ತಾ ಇದ್ವು, ಸ್ಟುಡಿಯೋ ದೀಪಗಳು ಮಿಣುಕಿದ ಹಾಗೆ ಕಾಣ್ತಿದ್ವು. ಹಾಗಾಗಿ 1936ರಲ್ಲಿ ಲಂಡನ್ನಿನಿಂದ ಪ್ರಸಾರ ಶುರು ಮಾಡಿದ ಬಿಬಿಸಿ ಸೆಕೆಂಡಿಗೆ 25 ಫ್ರೇಮ್ ಅಂದಿತು. ಒಂದು ಫ್ರೇಮಿಗೆ ಎರಡು ಅರ್ಧಚಿತ್ರ, ಒಟ್ಟು 50. 1941ರಲ್ಲಿ ಅಮೆರಿಕದ ಎನ್‌ಟಿಎಸ್‌ಸಿ ಸಮಿತಿ 30 ಫ್ರೇಮ್, 60 ಅರ್ಧಚಿತ್ರ ಅಂದಿತು. ಟಿವಿ ಇನ್ನೂ ಸಮುದ್ರ ದಾಟದ ಕಾಲ ಅದು. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಬೇಕಾಗಿರಲಿಲ್ಲ.

1953ರಲ್ಲಿ ಅಮೆರಿಕಕ್ಕೆ ಬಣ್ಣ ಬಂತು. ಬಣ್ಣದ ಸಂಕೇತ ಮತ್ತು ಧ್ವನಿಯ ಸಂಕೇತ ಒಂದಕ್ಕೊಂದು ತಾಕಿ ಚಿತ್ರ ಕೆಡಬಾರದು ಅಂತ ಎಂಜಿನಿಯರುಗಳು ವೇಗವನ್ನು ಸಾವಿರಕ್ಕೆ ಒಂದರಷ್ಟು ಇಳಿಸಿದರು. 30 ಹೋಗಿ 29.97 ಆಯ್ತು. ಎಪ್ಪತ್ತು ವರ್ಷ ಕಳೀತು, ವಿಡಿಯೋ ಕೋಡ್ ಬರೆಯೋ ನಮ್ಮಂಥವರ ಪ್ರಾಣ ಆ 29.97 ಇವತ್ತಿಗೂ ತಿನ್ನುತ್ತೆ. ಜರ್ಮನಿಯ ವಾಲ್ಟರ್ ಬ್ರೂಕ್ ರೂಪಿಸಿದ ಪಾಲ್ ಪದ್ಧತಿ ಯುರೋಪಿನಲ್ಲಿ 25ನ್ನೇ ಉಳಿಸಿಕೊಂಡಿತು. 1982ರಲ್ಲಿ ಏಷ್ಯನ್ ಗೇಮ್ಸ್ ಹೊತ್ತಿಗೆ ದೂರದರ್ಶನ ಬಣ್ಣಕ್ಕೆ ತಿರುಗಿದಾಗ ನಾವೂ ಪಾಲ್ ಕಡೆ ಸೇರಿದೆವು.

ಸಿನಿಮಾದ ಲೆಕ್ಕ ಮತ್ತೊಂದು, ಸೆಕೆಂಡಿಗೆ 24. ಪಾಲ್ ದೇಶಗಳು ಸುಲಭದ ದಾರಿ ಹಿಡಿದವು: 24ರ ರೀಲನ್ನು 25ರ ವೇಗದಲ್ಲಿ ಓಡಿಸಿದರಾಯ್ತು. 150 ನಿಮಿಷದ ಸಿನಿಮಾ 144 ನಿಮಿಷಕ್ಕೆ ಮುಗಿಯುತ್ತೆ, ಹಾಡಿನ ಶ್ರುತಿ ಒಂಚೂರು ಏರುತ್ತೆ. ಅಮೆರಿಕದವರು ಒಂದು ಫ್ರೇಮನ್ನು ಎರಡು ಸಲ, ಮುಂದಿನದನ್ನು ಮೂರು ಸಲ ತೋರಿಸಿ 60 ತುಂಬಿಸಿದರು. ವೇಗ ಬದಲಾಗಲಿಲ್ಲ, ಆದರೆ ನಡಿಗೆ ಸ್ವಲ್ಪ ಕುಂಟಿತು.

60ನ್ನು 50 ಮಾಡೋದೇ ಕಷ್ಟ. ಮೊದಮೊದಲು ಇದ್ದ ಉಪಾಯ ಕೇಳಿದ್ರೆ ನಗು ಬರುತ್ತೆ. ಒಂದು ಪದ್ಧತಿಯ ಟಿವಿಯ ಮುಂದೆ ಇನ್ನೊಂದು ಪದ್ಧತಿಯ ಕ್ಯಾಮೆರಾ ಇಟ್ಟು ಮತ್ತೆ ಚಿತ್ರೀಕರಿಸೋದು! 1968ರ ಮೆಕ್ಸಿಕೋ ಒಲಿಂಪಿಕ್ಸ್ ಹೊತ್ತಿಗೆ ಬಿಬಿಸಿ ಎಂಜಿನಿಯರುಗಳು ಕ್ಯಾಮೆರಾ ಇಲ್ಲದೆ, ಪೂರ್ತಿ ಎಲೆಕ್ಟ್ರಾನಿಕ್ ಆಗಿ ಪರಿವರ್ತಿಸೋ ಯಂತ್ರ ಕಟ್ಟಿದರು.

ಮರು ವರ್ಷ ಚಂದ್ರನ ಸರದಿ. ಅಪೊಲೊ 11ರ ಕ್ಯಾಮೆರಾ ಕಳಿಸಿದ್ದು ಸೆಕೆಂಡಿಗೆ ಬರೀ 10 ಫ್ರೇಮ್, ಫ್ರೇಮಿಗೆ 320 ಗೆರೆ. ಅಲ್ಲಿಂದ ಅದಕ್ಕಿಂತ ಹೆಚ್ಚು ಕಳಿಸೋಕೆ ರೇಡಿಯೋ ಸಂಪರ್ಕದಲ್ಲಿ ಜಾಗ ಇರಲಿಲ್ಲ. ಯಾವ ಮನೆಯ ಟಿವಿಯೂ ಅದನ್ನು ತೋರಿಸಲಾರದು. ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್‌ನಲ್ಲೂ ಆಸ್ಟ್ರೇಲಿಯಾದಲ್ಲೂ ಅದೇ ಹಳೇ ಉಪಾಯ: ಮಾನಿಟರಿಗೆ ಕ್ಯಾಮೆರಾ ಹಿಡಿದರು, ಸಾಲದ ಚಿತ್ರಗಳನ್ನು ಮ್ಯಾಗ್ನೆಟಿಕ್ ಡಿಸ್ಕಿನಿಂದ ಮತ್ತೆ ಮತ್ತೆ ತೋರಿಸಿ ತುಂಬಿಸಿದರು. ನೀಲ್ ಆರ್ಮ್‌ಸ್ಟ್ರಾಂಗ್ ದೆವ್ವದ ಹಾಗೆ ಮಸುಕಾಗಿ ಕಾಣೋದಕ್ಕೆ ಇದೂ ಒಂದು ಕಾರಣ. ಕೇಂದ್ರದಲ್ಲಿ ಕೂತವರು ಮೂಲ ಮಾನಿಟರಿನಲ್ಲಿ ನೋಡಿದ ಚಿತ್ರ ಜಗತ್ತು ನೋಡಿದ್ದಕ್ಕಿಂತ ಎಷ್ಟೋ ಚೆನ್ನಾಗಿತ್ತು.

ಆ ಮೂಲ ಚಿತ್ರ ಟೇಪುಗಳಲ್ಲಿ ದಾಖಲಾಗಿತ್ತು. ಮುಂದೆ ಹುಡುಕಿದಾಗ ಅವು ಸಿಗಲಿಲ್ಲ. ಟೇಪಿನ ಕೊರತೆ ಇದ್ದ ಕಾಲದಲ್ಲಿ ಅವನ್ನು ಅಳಿಸಿ ಬೇರೆ ಕೆಲಸಕ್ಕೆ ಬಳಸಿರಬೇಕು ಅಂತ 2009ರಲ್ಲಿ ನಾಸಾ ಹೇಳಿತು. ಪರಿವರ್ತಿತ ಪ್ರತಿ ಹೇಗೂ ಇದೆಯಲ್ಲ, ಮೂಲ ಯಾಕೆ ಅಂತ ಯಾರಿಗೋ ಅನ್ನಿಸಿರಬೇಕು.

ಇದನ್ನು ಓದಿ ನಾನು ನಾಸಾವನ್ನು ಬಯ್ಯಲಿಲ್ಲ. ಯಾಕಂದ್ರೆ ನಮ್ಮನೇಲೂ ಆಗಿದ್ದು ಇದೇ.

ಅಣ್ಣನ ಕ್ಯಾಸೆಟ್ಟು ಅಮೆರಿಕದ್ದು, ನಮ್ಮೂರಿನ ಯಾವ ವಿಸಿಆರ್‌ನಲ್ಲೂ ನೆಟ್ಟಗೆ ಓಡ್ತಿರಲಿಲ್ಲ. 2002ರಲ್ಲಿ ಅಪ್ಪ ತಾಲೂಕಿನ ಸ್ಟುಡಿಯೋ ಒಂದರಲ್ಲಿ ಸಿಡಿ ಮಾಡಿಸಿದರು. ಅಲ್ಲಿ 30 ಫ್ರೇಮನ್ನು 25 ಮಾಡೋಕೆ ಪ್ರತಿ ಆರರಲ್ಲಿ ಒಂದನ್ನು ಕೈಬಿಟ್ಟಿದ್ದಾರೆ. ಇಪ್ಪತ್ತು ನಿಮಿಷಕ್ಕೆ ಸುಮಾರು 6,000 ಫ್ರೇಮ್. ಅವರನ್ನೂ ದೂರೋ ಹಾಗಿಲ್ಲ, ಕ್ಯಾಸೆಟ್ಟು ಜೋಪಾನವಾಗಿ ವಾಪಸ್ ಕೊಟ್ಟಿದ್ದರು. ಮುಂದಿನ ಸಲ ಅಣ್ಣ ಬಂದಾಗ ಹೊಸ ಮನೆಯ ಗೃಹಪ್ರವೇಶ. ಖಾಲಿ ಕ್ಯಾಸೆಟ್ ಇರಲಿಲ್ಲ. "ಅಜ್ಜೀದು ಸಿಡೀಲಿ ಐತಲ್ಲ, ಅದರ ಮೇಲೇ ತೆಗಿ" ಅಂದವರು ಅಪ್ಪ. ಓಡಿಹೋಗಿ ಬೀರುವಿನಿಂದ ಅದನ್ನು ತಂದುಕೊಟ್ಟವನು ನಾನು. ಅಷ್ಟೊತ್ತಿಗೆ ಅಜ್ಜಿ ಹೋಗಿ ಎರಡು ವರ್ಷ ಆಗಿತ್ತು.

ಬಿಟ್ಟುಹೋದ ಫ್ರೇಮನ್ನು ಅಕ್ಕಪಕ್ಕದ ಫ್ರೇಮ್ ನೋಡಿ ಊಹಿಸಿ ಬರೆಯೋ ಸಾಫ್ಟ್‌ವೇರ್ ಈಗ ಇದೆ. ಹಾಕಿ ನೋಡಿದೆ. ಅಕ್ಕಿ ನಯವಾಗಿ ಹಾರಿತು. ನಿಲ್ಲಿಸಿ ನೋಡಿದ್ರೆ ಆ ಹೊಸ ಫ್ರೇಮಿನಲ್ಲಿ ಅಜ್ಜಿಯ ಬೆರಳೂ ಮೊರದ ಅಂಚೂ ಕರಗಿ ಒಂದಾಗಿತ್ತು. ಆ ಫೈಲನ್ನು ಅಳಿಸಿದೆ.

ಈಗ ಅಪ್ಪನಿಗೆ ಎಪ್ಪತ್ತೆರಡು. ಊರಿಗೆ ಹೋದಾಗ ಅವರ ವಿಡಿಯೋ ತೆಗೀತೀನಿ, ಎಲ್ಲರಿಗೂ ವಾಟ್ಸಾಪಿನಲ್ಲಿ ಕಳಿಸ್ತೀನಿ. ಕಳಿಸಿದ ಮೇಲೂ ಫೋನಿನಲ್ಲಿರೋ ಮೂಲ ಫೈಲನ್ನು ಎರಡು ಹಾರ್ಡ್ ಡಿಸ್ಕಿಗೆ ಇದ್ದ ಹಾಗೇ ಹಾಕಿಡ್ತೀನಿ. "ಎಲ್ರಿಗೂ ಕಳಿಸಿದ್ಯಲ್ಲ, ಇನ್ನೂ ಯಾಕೆ ಇಟ್ಕಂಡಿದೀಯ?" ಅಂತ ಅಪ್ಪ ಕೇಳ್ತಾರೆ. ಅಜ್ಜಿಯ ಕ್ಯಾಸೆಟ್ಟಿನ ವಿಷಯ ಅವರಿಗೆ ನಾನಿನ್ನೂ ಹೇಳಿಲ್ಲ.