ಕೂಗಿಗೊಂದು ಹೊತ್ತು, ಮೌನಕ್ಕೊಂದು ಹೊತ್ತು

ಬೇಟೆಯೆಂದೊಡನೆ ನಮ್ಮ ಕಣ್ಮುಂದೆ ನಿಲ್ಲುವುದು ಬಿಲ್ಲು, ಬಾಣ, ಬೇಟೆನಾಯಿಗಳ ಕೋಲಾಹಲ. ಕಾವ್ಯಗಳು ನಮಗೆ ಕೊಟ್ಟ ಚಿತ್ರವಿದು. ಇದರ ಜೊತೆಗೆ ಸದ್ದಿಲ್ಲದ ಇನ್ನೊಂದು ಬೇಟೆಯೂ ಇತ್ತು. ಪಳಗಿಸಿದ ಮೃಗವನ್ನೋ ಹಕ್ಕಿಯನ್ನೋ ಮುಂದೊಡ್ಡಿ ಅದರ ಕುಲದವನ್ನೇ ಬಳಿಗೆ ಸೆಳೆಯುವ ಬೇಟೆ. ಹಾಗೆ ಒಡ್ಡಿದ ಪ್ರಾಣಿಗೆ ಕನ್ನಡದಲ್ಲಿ ‘ದೀವ’ ಎಂಬ ಹಳೆಯ ಹೆಸರಿದೆ. ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ‘ಮಾನಸೋಲ್ಲಾಸ’ವು ಬೇಟೆಯನ್ನು ಅರಸನ ವಿನೋದಗಳಲ್ಲಿ ಸೇರಿಸಿ ವಿವರಿಸುತ್ತದೆ.

ಅರಮನೆಗೆ ವಿನೋದವಾದದ್ದು ಹಕ್ಕಿಪಿಕ್ಕಿ ಜನರಿಗೆ ಹೊಟ್ಟೆಪಾಡು. ಗುಜರಾತಿಗೆ ಹತ್ತಿರವಾದ ವಾಗ್ರಿ ನುಡಿಯನ್ನು ಮನೆಮಾತಾಗಿ ಉಳಿಸಿಕೊಂಡಿರುವ ಇವರು ಹಕ್ಕಿಗಳ ಕೂಗನ್ನು ಅನುಕರಿಸುವುದರಲ್ಲಿ ನಿಪುಣರು. ಗೌಜಲಹಕ್ಕಿಯ ಗಂಡು ತನ್ನ ನೆಲದಲ್ಲಿ ಇನ್ನೊಂದು ಗಂಡಿನ ದನಿಯನ್ನು ಸಹಿಸದು. ಪಂಜರದ ದೀವ ಕೂಗಿದರೆ ಅದು ಕಾದಾಡಲು ಓಡಿಬಂದು ಸುತ್ತ ಹೂಡಿದ ಉರುಳಿಗೆ ಸಿಕ್ಕುತ್ತದೆ. ಅಲ್ಲಿಯವರೆಗೆ ಬೇಟೆಗಾರನು ಪೊದೆಯ ಮರೆಯಲ್ಲಿ ಉಸಿರು ಬಿಗಿಹಿಡಿದು ಕುಳಿತಿರಬೇಕು.

ಅಮೆರಿಕದ ಟರ್ಕಿಕೋಳಿಯ ಬೇಟೆಯಲ್ಲಿ ಸೆಳೆಯುವುದು ಹಗೆಯಲ್ಲ, ಒಲವು. ಬೇಟೆಗಾರನು ಹೆಣ್ಣಿನಂತೆ ಕೂಗುತ್ತಾನೆ. ಆದರೆ ಪ್ರಕೃತಿಯ ವಾಡಿಕೆಯಲ್ಲಿ ಗಂಡಿನ ದನಿ ಕೇಳಿ ಅರಸಿ ಹೋಗಬೇಕಾದದ್ದು ಹೆಣ್ಣು. ಬಿಡದೆ ಕೂಗಿದರೆ ಗಂಡು ನಿಂತಲ್ಲೇ ನಿಂತು ಅದರ ಬರವನ್ನು ಕಾಯುತ್ತದೆ. ಮರುದನಿ ಬಂದೊಡನೆ ಸುಮ್ಮನಾದರೆ, ಇದ್ದ ದನಿ ಎಲ್ಲಿ ಹೋಯಿತೆಂದು ತಾನೇ ಹುಡುಕುತ್ತ ಬರುತ್ತದೆ. ಕೂಗು ಆಸೆ ಹುಟ್ಟಿಸಿದರೆ ಮೌನ ಅದನ್ನು ನಡೆಸಿಕೊಂಡು ಬರುತ್ತದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಬಳಿಕ ಹಕ್ಕಿಪಿಕ್ಕಿಗಳ ಕುಲವಿದ್ಯೆ ಅಪರಾಧವೆನಿಸಿತು. ಹಕ್ಕಿಗಳಿಗೆ ರಕ್ಷಣೆ ಬೇಕಿತ್ತು, ನಿಜ. ಆದರೆ ಆ ಜನ ಬೇರೆ ಬದುಕು ಹುಡುಕಬೇಕಾಯಿತು. ಹಲವರು ಗಿಡಮೂಲಿಕೆಯ ಎಣ್ಣೆ ಮಾರುತ್ತ ಆಫ್ರಿಕದವರೆಗೂ ಹೋದರು; 2023ರಲ್ಲಿ ಸುಡಾನಿನ ಕದನದ ನಡುವೆ ಸಿಲುಕಿದವರಲ್ಲಿ ಇವರೂ ಇದ್ದರು.

ಇತ್ತ ಕೂಗಿ ಕರೆಯುವ ಅಭ್ಯಾಸ ಮಾತ್ರ ನಿಂತಿಲ್ಲ. ಕೆಂಗೇರಿಗೆ ಸಮೀಪದ ತುರಹಳ್ಳಿಯಂಥ ಕುರುಚಲು ಕಾಡುಗಳಿಗೆ ಹಕ್ಕಿ ನೋಡಲು ಬರುವ ನಗರವಾಸಿಯ ಕೈಯಲ್ಲಿ ಉರುಳಿಲ್ಲ, ಮೊಬೈಲ್ ಫೋನಿದೆ. ಅದರಲ್ಲಿ ಮುದ್ರಿತ ಕೂಗನ್ನು ಮತ್ತೆ ಮತ್ತೆ ನುಡಿಸಿದರೆ ಹಕ್ಕಿಯು ಇಲ್ಲದ ಹಗೆಯ ಮೇಲೆ ಏರಿ ಬಂದು, ಮರಿಗಳನ್ನು ಸಾಕಬೇಕಾದ ಹೊತ್ತನ್ನೂ ಕಸುವನ್ನೂ ಕಳೆದುಕೊಳ್ಳುತ್ತದೆ. ಹಿಡಿಯಲು ಬಂದವನಿಗಾದರೂ ಎಲ್ಲಿ ನಿಲ್ಲಿಸಬೇಕೆಂಬುದು ತಿಳಿದಿತ್ತು. ನೋಡಲಷ್ಟೇ ಬಂದವರು ಆ ಮೌನವನ್ನು ಅವನಿಂದ ಕಲಿಯಬೇಕಾಗಿದೆ.