ಕುಂಡದ ಮಣ್ಣು: ಸುಣ್ಣ ಯಾರಿಗೆ, ಗಂಧಕ ಯಾರಿಗೆ

ಕುಂಡದ ಮಿಶ್ರಣಕ್ಕೆ ಒಂದು ಹಿಡಿ ಸುಣ್ಣವನ್ನೋ ಡೋಲೊಮೈಟನ್ನೋ ಸೇರಿಸಿ ಎಂಬ ಸಲಹೆ ತಾರಸಿ ತೋಟದವರ ನಡುವೆ ಬಲವಾಗಿ ಬೇರೂರಿದೆ. ಅದು ಎಲ್ಲಿ, ಯಾವ ಮಣ್ಣಿಗಾಗಿ ಹುಟ್ಟಿತು ಎಂದು ನೋಡುತ್ತ ಹೋದರೆ, ನಮ್ಮ ಕುಂಡಗಳಿಗೆ ಅನೇಕ ವೇಳೆ ಅದು ಬೇಡದ ಮದ್ದು ಎನ್ನುವುದು ಗೊತ್ತಾಗುತ್ತದೆ.

ಹೊಲಕ್ಕೆ ಸುಣ್ಣ ಹಾಕುವ ರೂಢಿ ಹಳೆಯದು. ಗಾಲ್ ಮತ್ತು ಬ್ರಿಟನ್ನಿನ ಜನ ಸುಣ್ಣದಂಶವಿರುವ ಜೇಡಿಯನ್ನು ಹೊಲಕ್ಕೆ ಹರಡುತ್ತಿದ್ದುದನ್ನು ರೋಮಿನ ಪ್ಲಿನಿ ಒಂದನೇ ಶತಮಾನದಲ್ಲೇ ಬರೆದಿಟ್ಟಿದ್ದಾನೆ. ವರ್ಜೀನಿಯಾದ ಎಡ್ಮಂಡ್ ರಫಿನ್ 1832ರಲ್ಲಿ ಇದೇ ವಿಷಯಕ್ಕೆ ಒಂದು ಪುಸ್ತಕ ಮೀಸಲಿಟ್ಟು, ಸೋತ ಹೊಲಗಳ ತೊಂದರೆ ಇರುವುದು ಅವುಗಳ ಹುಳಿಯಲ್ಲಿ ಎಂದು ವಾದಿಸಿದ. ಹುಳಿಯನ್ನು ಅಳೆಯುವ ಮಾನ ಬಂದದ್ದು ಮಾತ್ರ 1909ರಲ್ಲಿ, ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಸೋರೆನ್‌ಸನ್‌ನಿಂದ. ನಾವು ರಸಸಾರ (ಪಿಎಚ್) ಎನ್ನುವುದು ಇದನ್ನೇ. 7 ತಟಸ್ಥ, ಒಂದಂಕ ಇಳಿದರೆ ಹುಳಿ ಹತ್ತು ಪಟ್ಟು ಏರುತ್ತದೆ.

ಮರುವರ್ಷ ಬಂದ ಕೆಲಸ ಕುಂಡದ ಕೃಷಿಯ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು. ಅಮೆರಿಕದ ಕೃಷಿ ಇಲಾಖೆಯ ಫ್ರೆಡರಿಕ್ ಕೋವಿಲ್ ಬ್ಲೂಬೆರಿಯನ್ನು ಕುಂಡಗಳಲ್ಲಿ ಬೆಳೆಸಿ ನೋಡಿದ. ಗೊಬ್ಬರ ಉಂಡ ಫಲವತ್ತಾದ ತೋಟದ ಮಣ್ಣಿನಲ್ಲಿ ಗಿಡ ಸೊರಗಿತು, ಅರೆಕಳಿತ ಸಸ್ಯರಾಶಿಯಾದ ಹುಳಿ ಪೀಟ್‌ನಲ್ಲಿ ಸೊಂಪಾಗಿ ಚಿಗುರಿತು. ಕೆಲವೇ ವರ್ಷಗಳಲ್ಲಿ ಅವನು ಇನ್ನೊಂದು ಸಂಗತಿ ತೋರಿಸಿಕೊಟ್ಟ: ಉದುರಿದ ಎಲೆ ಮೊದಲು ಹುಳಿಯಾಗಿದ್ದರೂ ಪೂರ್ತಿ ಕಳಿತಾಗ ಅದರೊಳಗಿನ ಸುಣ್ಣದಂಶದಿಂದಾಗಿ ಕ್ಷಾರದತ್ತ ವಾಲಬಲ್ಲದು. ಎಲೆಗೊಬ್ಬರ ಹಾಕಿದರೆ ಮಣ್ಣು ಹುಳಿಯಾಗುತ್ತದೆ ಎಂದು ಇಂದಿಗೂ ನಂಬುವವರು ಗಮನಿಸಬೇಕಾದ ಮಾತಿದು.

1930ರ ದಶಕದಲ್ಲಿ ಇಂಗ್ಲೆಂಡಿನ ಜಾನ್ ಇನ್ಸ್ ಸಂಸ್ಥೆಯ ಲಾರೆನ್ಸ್ ಮತ್ತು ನ್ಯೂವೆಲ್ ಕುಂಡದ ಮಿಶ್ರಣಕ್ಕೆ ನಿಖರ ಲೆಕ್ಕ ಕೊಟ್ಟರು: ಏಳು ಪಾಲು ಮಣ್ಣು, ಮೂರು ಪಾಲು ಪೀಟ್, ಎರಡು ಪಾಲು ಮರಳು, ಜತೆಗೆ ಅಳೆದು ಹಾಕಿದ ಸೀಮೆಸುಣ್ಣದ ಪುಡಿ. 1960ರ ದಶಕದಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಬೂಡ್ಲಿ ಮತ್ತು ಶೆಲ್‌ಡ್ರೇಕ್ ಮಣ್ಣನ್ನೇ ಕೈಬಿಟ್ಟು, ಪೀಟ್‌ಗೆ ವರ್ಮಿಕ್ಯುಲೈಟ್, ಪರ್ಲೈಟ್ ಬೆರೆಸಿದರು. ಪೀಟ್‌ನ ರಸಸಾರ 4ರ ಆಸುಪಾಸು. ಅದಕ್ಕೆ ಡೋಲೊಮೈಟ್ ಬೇಕೇ ಬೇಕಿತ್ತು. ಅದೇ ಹೊತ್ತಿಗೆ, 1961ರಲ್ಲಿ, ಮಿಷಿಗನ್ನಿನ ಲೂಕಾಸ್ ಮತ್ತು ಡೇವಿಸ್, ಸಾವಯವ ಪದಾರ್ಥವೇ ಹೆಚ್ಚಿರುವ ಮಣ್ಣಿಗೆ ಹೊಲದ ಮಣ್ಣಿಗಿಂತ ಸುಮಾರು ಒಂದಂಕ ಕೆಳಗಿನ ರಸಸಾರವೇ ಹಿತ ಎಂದು ತೋರಿಸಿದರು. ಹೊಲಕ್ಕೆ 6.5 ಸರಿಯಾದರೆ ಇಂಥ ಮಿಶ್ರಣಕ್ಕೆ 5.5. ದುರದೃಷ್ಟವಶಾತ್ ಡೋಲೊಮೈಟಿನ ಸಲಹೆ ಊರೂರು ಹಬ್ಬಿತು, ಈ ತಿಳಿವಳಿಕೆ ಹಿಂದೆ ಉಳಿಯಿತು.

ನಮ್ಮಲ್ಲಿ ಪೀಟ್‌ನ ಜಾಗಕ್ಕೆ ಬಂದದ್ದು ತೆಂಗಿನ ನಾರಿನ ಪುಡಿ, ಅಂದರೆ ಕೊಕೊಪೀಟ್. ಅದರ ರಸಸಾರ ಸಾಮಾನ್ಯವಾಗಿ 5.5ರಿಂದ 6.5, ತಿದ್ದುವ ಅಗತ್ಯವೇ ಕಡಿಮೆ. ಅದಕ್ಕೆ ತಟಸ್ಥವೋ ತುಸು ಕ್ಷಾರವೋ ಆದ ಎರೆಗೊಬ್ಬರ ಬೆರೆಸಿ, ಬೋರ್‌ವೆಲ್‌ನ ಗಡಸು ನೀರು ಹನಿಸುತ್ತೇವೆ. ಆ ನೀರಿನ ಬೈಕಾರ್ಬನೇಟ್ ಪ್ರತಿ ಸಲವೂ ಒಂದು ಚಿಟಿಕೆ ಸುಣ್ಣ ಹಾಕಿದ ಹಾಗೆ. ಹೊಲದ ಮಣ್ಣು ಇದನ್ನು ವರ್ಷಗಟ್ಟಲೆ ತಾಳಿಕೊಳ್ಳುತ್ತದೆ, ಹತ್ತು ಲೀಟರಿನ ಗ್ರೋಬ್ಯಾಗ್ ತಾಳಿಕೊಳ್ಳಲಾರದು. ಪರಿಣಾಮ ಮೊದಲು ಕಾಣುವುದು ಕರಿಬೇವಿನಲ್ಲಿ: ಹಳೆಯ ಎಲೆ ಹಸಿರಾಗಿಯೇ ಇರುತ್ತದೆ, ಹೊಸ ಚಿಗುರು ಹಳದಿಗೆ ತಿರುಗುತ್ತದೆ, ನರಗಳಷ್ಟೇ ಹಸಿರು ಗೆರೆಗಳಾಗಿ ಉಳಿಯುತ್ತವೆ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗದ ಸ್ಥಿತಿ ಇದು. ಅದಕ್ಕೆ ಸುಣ್ಣವನ್ನೋ ಒಲೆಯ ಬೂದಿಯನ್ನೋ ಹಾಕಿದರೆ ಕಾಯಿಲೆ ಉಲ್ಬಣಿಸುತ್ತದೆ. ಮೊಟ್ಟೆಯ ಚಿಪ್ಪು ಸುಮ್ಮನೆ ಮುರಿದು ಹಾಕಿದರೆ ಏನೂ ಮಾಡದು. ನುಣ್ಣಗೆ ಪುಡಿಯಾದಾಗ ಮಾತ್ರ ಸುಣ್ಣದ ಕೆಲಸ ಮಾಡುತ್ತದೆ. ಕಾಫಿ ಚರಟ ಹುಳಿ ಎಂಬುದೂ ಬಹುಮಟ್ಟಿಗೆ ತಪ್ಪು ನಂಬಿಕೆ: ಹುಳಿಯೆಲ್ಲ ಡಿಕಾಕ್ಷನ್ನಿಗೆ ಇಳಿದಿರುತ್ತದೆ. ಕರಿಬೇವಿಗೆ ಹುಳಿ ಮಜ್ಜಿಗೆ ಎರೆಯುವ ನಮ್ಮ ಮನೆಗಳ ರೂಢಿಯ ದಿಕ್ಕು ಸರಿಯಾಗಿದೆ, ಬಾಳಿಕೆ ಮಾತ್ರ ಕಡಿಮೆ.

ಬಾಳಿಕೆಯ ಮದ್ದು ಗಂಧಕ. ಅದನ್ನು ಆಮ್ಲವಾಗಿಸುವ ಬ್ಯಾಕ್ಟೀರಿಯವನ್ನು 1920ರ ದಶಕದ ಆರಂಭದಲ್ಲಿ ನ್ಯೂಜೆರ್ಸಿಯ ವಾಕ್ಸ್‌ಮನ್ ಮತ್ತು ಜಾಫೆ ಗುರುತಿಸಿದರು. ಜೀವಿಗಳ ಕೆಲಸವಾದ್ದರಿಂದ ತೇವ, ಬೆಚ್ಚನೆಯ ವಾತಾವರಣ ಮತ್ತು ಕೆಲವು ವಾರಗಳ ತಾಳ್ಮೆ ಬೇಕು. ಜಿಪ್ಸಂ ಕ್ಯಾಲ್ಸಿಯಂ ಕೊಡುತ್ತದೆ, ಸಾಮಾನ್ಯ ಕುಂಡದಲ್ಲಿ ರಸಸಾರವನ್ನು ಹೆಚ್ಚೇನೂ ಕದಲಿಸದು.

ಕರಾವಳಿ, ಮಲೆನಾಡಿನ ಜಂಬಿಟ್ಟಿಗೆ ಮಣ್ಣನ್ನೇ ಕುಂಡಕ್ಕೆ ತುಂಬುವವರ ಮಾತು ಬೇರೆ. ಮಳೆ ಅಲ್ಲಿಯ ಸುಣ್ಣದಂಶವನ್ನೆಲ್ಲ ತೊಳೆದಿರುತ್ತದೆ. ಅವರಿಗೆ ಡೋಲೊಮೈಟ್ ನಿಜಕ್ಕೂ ಬೇಕು.

ಯಾರಿಗೆ ಯಾವುದು ಎಂದು ತಿಳಿಯಲು ವರ್ಜೀನಿಯಾದ ರಾಬರ್ಟ್ ರೈಟ್ 1986ರಲ್ಲಿ ವಿವರಿಸಿದ ವಿಧಾನ ಮನೆಯಲ್ಲೇ ಮಾಡುವಷ್ಟು ಸುಲಭ. ಕುಂಡಕ್ಕೆ ಚೆನ್ನಾಗಿ ನೀರು ಹಾಕಿ, ಅರ್ಧ ಗಂಟೆಯಿಂದ ಒಂದು ಗಂಟೆ ಬಿಡಿ. ತಳಕ್ಕೆ ತಟ್ಟೆ ಇಟ್ಟು ಮೇಲಿನಿಂದ ಒಂದಿಷ್ಟು ಡಿಸ್ಟಿಲ್ಡ್ ವಾಟರ್ ಸುರಿಯಿರಿ. ತಟ್ಟೆಗೆ ಇಳಿದ ನೀರಿಗೆ ಪಿಎಚ್ ಕಾಗದ ಅದ್ದಿ. ಕೊಕೊಪೀಟ್ ಮಿಶ್ರಣದಲ್ಲಿ 5ಕ್ಕಿಂತ ಕೆಳಗೆ ಬಂದರೆ ಡೋಲೊಮೈಟ್ ಹಾಕಬಹುದು. 7 ದಾಟಿದ್ದರೆ ಮೊದಲು ಬೋರ್‌ವೆಲ್ ನೀರು ಬಿಟ್ಟು ಸಂಪಿನ ಮಳೆನೀರು ಹಾಕಿ ನೋಡಿ. ಆಮೇಲೂ ಇಳಿಯದಿದ್ದರೆ ಚಿಟಿಕೆ ಗಂಧಕ.